ಕಟ್ಟಡವೇ ಪಿಟೀಲಾದರೆ ಸಾಕೆ?

ನಮ್ಮ ನಾಡಿನಲ್ಲಿ ಕಲಾವಿದನಿಗೆ ಸತ್ತ ಮೇಲೆ ಜಾಗದ ಕೊರತೆಯಿಲ್ಲ. ರಸ್ತೆಗೆ ಅವನ ಹೆಸರು, ವೃತ್ತಕ್ಕೆ ಅವನ ಹೆಸರು, ಬಡಾವಣೆಯ ಉದ್ಯಾನಕ್ಕೆ ಅವನ ಹೆಸರು. ಬೆಂಗಳೂರಿನ ಮಲ್ಲೇಶ್ವರದ ಮಗ್ಗುಲಲ್ಲಿ ೧೯೮೦ರಲ್ಲಿ ಸಿದ್ಧವಾದ ಚೌಡಯ್ಯ ಸ್ಮಾರಕ ಭವನವಂತೂ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು; ಕಟ್ಟಡವೇ ಪಿಟೀಲಿನ ಆಕಾರ ತಾಳಿತು. ತಂತಿ, ಬಿರಡೆ, ಕುದುರೆ, ಕಮಾನು, ಒಂದನ್ನೂ ಬಿಟ್ಟಿಲ್ಲ. ಕಂಡವರು ಬೆರಗಾಗುತ್ತಾರೆ, ಬೆರಗಾಗತಕ್ಕದ್ದೇ. ಆದರೆ ಪಿಟೀಲು ಚೌಡಯ್ಯನವರ ಹೆಸರನ್ನು ಊರೂರಿಗೆ ಮುಟ್ಟಿಸಿದ ಏಳು ತಂತಿಯ ಪಿಟೀಲನ್ನು ಇಂದು ಯಾರಾದರೂ ನುಡಿಸುವುದನ್ನು ಕೇಳಬೇಕೆಂದು ಹೊರಟವನ ಪಾಡೇನು? ಕಟ್ಟಡದ ಮುಂದೆ ನಿಂತು ತೃಪ್ತಿಪಟ್ಟುಕೊಂಡು ಮನೆಗೆ ಮರಳುವುದೇ ಅವನ ಪಾಡು. ಆ ವಾದ್ಯಕ್ಕೆ ಒಗ್ಗಿದ ಕೈಗಳು ಅಷ್ಟು ವಿರಳವಾಗಿವೆ. ಕಲ್ಲು ಗಾರೆಗೆ ಏಳು ತಂತಿ ಒದಗಿತು. ಕಲಿಯುವ ಹುಡುಗನ ಕೈಗೆ ಒದಗಲಿಲ್ಲ.

ಹೀಗೆ ಹೇಳಿದೊಡನೆ ಬರುವ ಉತ್ತರ ನನಗೆ ಗೊತ್ತು. "ಸ್ವಾಮಿ, ಆ ಕಾಲದಲ್ಲಿ ಮೈಕು ಇರಲಿಲ್ಲ. ದೊಡ್ಡ ಸಭೆಗೆ ನಾಲ್ಕು ತಂತಿಯ ನಾದ ಸಾಲದಾಯಿತು, ಇನ್ನು ಮೂರು ಸೇರಿಸಿದರು. ಮೈಕು ಬಂತು, ಆ ಮೂರರ ಕೆಲಸ ಮುಗಿಯಿತು. ಎತ್ತಿನ ಗಾಡಿ ಹೋಯಿತೆಂದು ಈಗ ಕೂತು ಅಳುವುದುಂಟೆ?" ನಮ್ಮ ಸುಶಿಕ್ಷಿತ ಮಹನೀಯರು ಈ ಮಾತನ್ನು ಬಹಳ ವಿವೇಕದ ಮಾತೆಂದು ಆಡುತ್ತಾರೆ. ಅದು ವಿವೇಕವಲ್ಲ, ಸೋಮಾರಿತನ ಎಂಬುದೇ ನನ್ನ ವಾದ. ನಾನು ಕನ್ನಡ ಪಾಠ ಹೇಳುವವನು, ಸಂಗೀತಶಾಸ್ತ್ರ ಹೇಳುವವನಲ್ಲ. ಆದರೆ ಹಳಗನ್ನಡಕ್ಕೂ ಇದೇ ಎತ್ತಿನ ಗಾಡಿಯ ಉಪಮೆಯನ್ನು ಹೂಡುವವರನ್ನು ದಿನವೂ ಎದುರಿಸುವವನಾದ್ದರಿಂದ, ಈ ವಾದದ ಹುಳುಕು ನನಗೆ ಚೆನ್ನಾಗಿ ಪರಿಚಯ.

ಇದೇ ವಾದ ಯೂರೋಪಿನಲ್ಲಿ ನೂರೈವತ್ತು ವರ್ಷ ನಡೆಯಿತು, ಅದೂ ಪಿಟೀಲಿನ ವಿಷಯದಲ್ಲಿಯೇ. ಸುಮಾರು ೧೬೦೦ರಿಂದ ೧೭೫೦ರವರೆಗಿನ ಅಲ್ಲಿನ ಸಂಗೀತಕ್ಕೆ ಬರೋಕ್ ಎಂದು ಹೆಸರು. ಆ ಶಬ್ದಕ್ಕೆ ಮೂಲ, ಸೊಟ್ಟ ಮುತ್ತು ಎಂಬ ಅರ್ಥದ ಪೋರ್ಚುಗೀಸ್ ಪದವೆನ್ನುತ್ತಾರೆ. ಹೆಸರಿಟ್ಟವರ ತಾತ್ಸಾರ ಹೆಸರಿನಲ್ಲಿಯೇ ಇದೆ. ಆ ಕಾಲದ ಪಿಟೀಲಿಗೆ ಕುರಿಯ ಕರುಳಿನ ತಂತಿ. ಕಮಾನು ಹಗುರ, ಹೊರಕ್ಕೆ ಬಾಗಿದ್ದು. ಗದ್ದವನ್ನು ಊರುವುದಕ್ಕೆ ಈಗ ಕಾಣುವ ಪಟ್ಟಿ ಇರಲಿಲ್ಲ. ಆಮೇಲೆ ಸಭಾಂಗಣಗಳು ದೊಡ್ಡವಾದವು, ಮೇಳಗಳು ದೊಡ್ಡವಾದವು, ಗಟ್ಟಿ ನಾದವೇ ಒಳ್ಳೆಯ ನಾದವೆಂದಾಯಿತು. ಸ್ಟ್ರಾಡಿವೇರಿಯಂಥ ಮಹಾಶಿಲ್ಪಿ ಮಾಡಿದ ವಾದ್ಯಗಳನ್ನೂ ಬಿಚ್ಚಿ, ಕುತ್ತಿಗೆಯನ್ನು ಬದಲಾಯಿಸಿ, ತಂತಿಯನ್ನು ಇನ್ನಷ್ಟು ಬಿಗಿದರು. ಕರುಳು ಹೋಗಿ ಉಕ್ಕು ಬಂತು. ಹಳೆಯ ಕಮಾನು ಅಟ್ಟ ಸೇರಿತು. "ಹೊಸ ಪಿಟೀಲು ಇನ್ನೂ ಗಟ್ಟಿಯಾಗಿ ನುಡಿಯುವಾಗ ಹಳೆಯದೇಕೆ?" ಎಂದು ಅವರೂ ಕೇಳಿದರು.

ಈ ಪ್ರಶ್ನೆಯನ್ನು ತಿರುಗಿಸಿ ಕೇಳಿದವರು ಕೆಲವರೇ. ಆರ್ನಲ್ಡ್ ಡಾಲ್ಮೆಚ್ ಎಂಬುವರು ೧೯೧೫ರಲ್ಲಿ ಹಳೆಯ ಸಂಗೀತವನ್ನು ಅಂದಿನವರು ನುಡಿಸಿದಂತೆ ನುಡಿಸುವುದು ಹೇಗೆ ಎಂದು ಪುಸ್ತಕ ಬರೆದರು. ೧೯೩೩ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ ಇದಕ್ಕೆಂದೇ ಒಂದು ಶಾಲೆ ಹುಟ್ಟಿತು. ವಿಯೆನ್ನಾದ ದೊಡ್ಡ ವಾದ್ಯವೃಂದವೊಂದರಲ್ಲಿ ಸಂಬಳಕ್ಕಿದ್ದ ನಿಕೊಲಾಸ್ ಹಾರ್ನನ್‌ಕೂರ್ಟ್ ತಮ್ಮ ಹೆಂಡತಿಯೊಡನೆ, ಕೆಲವು ಗೆಳೆಯರೊಡನೆ ೧೯೫೩ರಲ್ಲಿ ಹಳೆಯ ವಾದ್ಯಗಳ ಒಂದು ಮೇಳ ಕಟ್ಟಿದರು. ಸಭೆಯ ಮುಂದೆ ಕೂರುವ ಮೊದಲು ಅವರು ನಾಲ್ಕು ವರ್ಷ ಮನೆಯಲ್ಲಿ ಅಭ್ಯಾಸ ಮಾಡಿದರು. ೧೯೬೯ರಲ್ಲಿ ಹಾರ್ನನ್‌ಕೂರ್ಟ್ ಸಂಬಳದ ಕೆಲಸವನ್ನೂ ಬಿಟ್ಟರು. ಜರ್ಮನಿಯ ರೈನ್‌ಹಾರ್ಡ್ ಗೋಬೆಲ್ ೧೯೭೩ರಲ್ಲಿ ಕಲೋನಿನಲ್ಲಿ ಇಂಥದೇ ಮೇಳ ಕಟ್ಟಿದ ಬರೋಕ್ ಪಿಟೀಲುಗಾರ. ೧೯೯೦ರ ಸುಮಾರಿಗೆ ಅವರ ಎಡಗೈಯ ಬೆರಳು ಮಾತು ಕೇಳದಾಯಿತು. ಅವರು ಮಾಡಿದ್ದೇನು? ಪಿಟೀಲನ್ನು ಬಲಗೈಗೆ ಬದಲಾಯಿಸಿಕೊಂಡು, ಕಮಾನನ್ನು ಎಡಗೈಯಲ್ಲಿ ಹಿಡಿದು, ಮೊದಲಿನಿಂದ ಕಲಿತು, ಮತ್ತೆ ವೇದಿಕೆಗೆ ಬಂದರು. ಒಂದು ಕಾಲದ ಸಂಗೀತಕ್ಕೆ ಜೀವವನ್ನು ಹೀಗೆ ಒತ್ತೆಯಿಟ್ಟವರಿಂದ ಅದೊಂದು ಉದ್ಯೋಗವಾಯಿತು. ಇಂದು ಬರೋಕ್ ಪಿಟೀಲನ್ನೇ ಕಲಿತು, ಅದನ್ನೇ ಕಲಿಸಿ, ಅದನ್ನೇ ನುಡಿಸಿ ಬದುಕುವವರು ಅಲ್ಲಿದ್ದಾರೆ. ಅದು ಸುಖದ ಬದುಕೆಂದು ನಾನು ಹೇಳುವುದಿಲ್ಲ. ಬಹುಮಂದಿಗೆ ತಿಂಗಳ ಸಂಬಳವಿಲ್ಲ, ಕಛೇರಿಯಿಂದ ಕಛೇರಿಗೆ ಅಲೆದಾಟ. ಆದರೂ ಅದು ಬದುಕು.

ಹಳೆಯ ಸಂಗೀತ ಅವರಿಗೆ ಮರಳಿ ದೊರಕಿದ್ದು ಹೇಗೆ? ಪ್ರತಿಭೆಯೊಂದರಿಂದಲೇ ಅಲ್ಲ, ಜೋಪಾನ ಮಾಡಿದ ಸಾಮಗ್ರಿಯಿಂದ. ಪಿಟೀಲು ಹಿಡಿಯುವುದು ಹೇಗೆ, ಕಮಾನು ಎಳೆಯುವುದು ಹೇಗೆ ಎಂದು ಜೆಮಿನಿಯಾನಿ ೧೭೫೧ರಲ್ಲಿ, ಲಿಯೊಪೋಲ್ಡ್ ಮೊಜಾರ್ಟ್ ೧೭೫೬ರಲ್ಲಿ ಬರೆದಿಟ್ಟ ಪುಸ್ತಕಗಳು ಉಳಿದಿದ್ದವು. ೧೭೦೦ರಲ್ಲಿ ಅಚ್ಚಾದ ಕೊರೆಲ್ಲಿಯ ಹನ್ನೆರಡು ಕೃತಿಗಳಲ್ಲಿ ಬರೆದ ಸ್ವರ ಬಲು ಸರಳ. ವಿಳಂಬದ ಭಾಗಗಳಲ್ಲಿ ಅದನ್ನು ಅಲಂಕರಿಸುವ ಭಾರ ನುಡಿಸುವವನದು. ಕೊರೆಲ್ಲಿ ಹೇಗೆ ಅಲಂಕರಿಸುತ್ತಿದ್ದರೆಂದು ತೋರಿಸುತ್ತೇವೆಂದು ಹೇಳಿಕೊಂಡ ಮುದ್ರಣವೂ ಹತ್ತು ವರ್ಷದೊಳಗೇ ಆಮ್‌ಸ್ಟರ್‌ಡಾಮಿನಲ್ಲಿ ಹೊರಬಂತು. ನಮ್ಮ ಗಮಕವನ್ನು ಬಲ್ಲವರಿಗೆ ಇದರಲ್ಲಿ ಅಪರಿಚಿತವಾದದ್ದೇನೂ ಇಲ್ಲ. ಸಾಹಿತ್ಯವನ್ನು ಬರೆದಿಡಬಹುದು, ಅದರ ಬಳುಕನ್ನು ಬರೆಯಲಾಗದು. ಬರೆಯಲಾಗದ್ದನ್ನೂ ಆದಷ್ಟು ಬರೆದಿಟ್ಟರು ಎಂಬುದೇ ಅವರ ಹೆಚ್ಚುಗಾರಿಕೆ.

"ಅದೆಲ್ಲ ಪರದೇಶದ ಕತೆ" ಎನ್ನುವವರು ಒಂದು ಮಾತು ನೆನಪಿಡಬೇಕು. ಪಿಟೀಲೇ ಪರದೇಶದ್ದು. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಅದನ್ನು ಯೂರೋಪಿನ ವಾದಕನಿಂದ ಕಲಿತು ನಮ್ಮ ಸಂಗೀತಕ್ಕೆ ಪಳಗಿಸಿದರು. ಇಂಗ್ಲಿಷ್ ಬ್ಯಾಂಡಿನ ಮಟ್ಟುಗಳಿಗೆ ಅಣ್ಣ ಸಂಸ್ಕೃತದ ಮಾತು ಹೊಂದಿಸಿದರು. ಇಂಗ್ಲೆಂಡಿನ ದೊರೆಯನ್ನು ದೇವರು ಕಾಯಲಿ ಎಂಬ ರಾಷ್ಟ್ರಗೀತೆಯ ಮಟ್ಟೂ ಅವುಗಳಲ್ಲಿ ಒಂದು. ಪಿಟೀಲು ನಮ್ಮ ಕೈಗೆ ಬಂದದ್ದು ಗದ್ದದ ಪಟ್ಟಿ ಹುಟ್ಟುವ ಮೊದಲು, ಕರುಳಿನ ತಂತಿಯ ಕಾಲದಲ್ಲಿ. ನಮ್ಮವರು ಅದನ್ನು ಗದ್ದಕ್ಕೆ ಕೊಡದೆ, ನೆಲದ ಮೇಲೆ ಕುಳಿತು, ಅದರ ತಲೆಯನ್ನು ಪಾದದ ಮೇಲೂರಿ, ಶ್ರುತಿಯನ್ನು ಹಾಡುವವನ ಕಂಠಕ್ಕೆ ಇಳಿಸಿ, ಎಡಗೈಯನ್ನು ಗಮಕಕ್ಕೆ ಬಿಡುವು ಮಾಡಿಕೊಂಡರು. ಗದ್ದದ ಪಟ್ಟಿಯನ್ನು ಕಿತ್ತೆಸೆದು ನುಡಿಸಲು ಯೂರೋಪಿನವರು ೧೯೬೦ರ ದಶಕದ ಕೊನೆಯಲ್ಲಿ ಮತ್ತೆ ಕಲಿಯಬೇಕಾಯಿತು. ನಮಗೆ ಅದರ ಗೊಡವೆಯೇ ಇರಲಿಲ್ಲ. ಪರಕೀಯವೆಂದು ದೂರವಿಡುವ ಹಕ್ಕು ನಮಗಿಲ್ಲ, ಕೈಯಲ್ಲಿದ್ದದ್ದನ್ನು ಕಳೆದುಕೊಳ್ಳುವ ಹಕ್ಕಂತೂ ಇಲ್ಲವೇ ಇಲ್ಲ.

ಈಗ ಚೌಡಯ್ಯನವರ ವೃತ್ತಿಯನ್ನು ನೋಡಿ. ೧೮೯೫ರಲ್ಲಿ ತಿರುಮಕೂಡಲಿನ ಒಕ್ಕಲಿಗರ ಮನೆಯಲ್ಲಿ ಹುಟ್ಟಿದ ಹುಡುಗ. ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಬಳಿ ಹದಿನೆಂಟು ವರ್ಷದ ಶಿಕ್ಷಣ. ಹದಿನೆಂಟು ತಿಂಗಳಲ್ಲ, ಹದಿನೆಂಟು ವರ್ಷ! ಆಮೇಲೆ ಅರಿಯಕುಡಿ, ಚೆಂಬೈ ಮೊದಲಾದ ದಿಗ್ಗಜಗಳಿಗೆ ಪಕ್ಕವಾದ್ಯ. ೧೯೨೦ರ ದಶಕದಲ್ಲಿ ಏಳು ತಂತಿಯ ಪ್ರಯೋಗ. ೧೯೪೩ರಲ್ಲಿ 'ವಾಣಿ' ಎಂಬ ಕನ್ನಡ ಚಲನಚಿತ್ರದ ಸಾಹಸ. ಮೈಸೂರಿನಲ್ಲಿ ಒಂದು ಸಂಗೀತ ಶಾಲೆ. ೧೯೫೭ರಲ್ಲಿ ಮದರಾಸಿನ ಸಂಗೀತ ಕಲಾನಿಧಿ ಬಿರುದು. ೧೯೬೭ರ ಜನವರಿ ೧೯ರಂದು ಕೊನೆಯುಸಿರು. ಅವರ ಶಿಷ್ಯ ಆರ್. ಆರ್. ಕೇಶವಮೂರ್ತಿಯವರು ೨೦೦೬ರವರೆಗೆ ಬದುಕಿದ್ದು, ಏಳು ತಂತಿಯನ್ನು ಕೈಬಿಡದೆ ನುಡಿಸಿದರು, ಅನೇಕರಿಗೆ ಪಾಠ ಹೇಳಿದರು. ಒಬ್ಬ ಗುರು, ಒಬ್ಬ ಶಿಷ್ಯ, ಇಬ್ಬರ ಆಯುಸ್ಸು ಸೇರಿ ನೂರು ವರ್ಷ ದಾಟಿತು. ಆ ನೂರು ವರ್ಷದಲ್ಲಿ ಈ ವಾದ್ಯವನ್ನು ಒಂದು ಪಾಠಕ್ರಮವಾಗಿ ನಿಲ್ಲಿಸುವುದಕ್ಕೆ ನಾಡಿಗೆ ಬಿಡುವಾಗಲಿಲ್ಲ.

ಮೈಕಿನ ವಾದಕ್ಕೆ ಇಲ್ಲಿಯೇ ಉತ್ತರ ಹೇಳಬೇಕು. ಏಳು ತಂತಿ ಹುಟ್ಟಿದ್ದು ನಾದ ದೂರ ಕೇಳಲಿ ಎಂದೇ ಇರಬಹುದು. ಹುಟ್ಟಿಗೆ ಕಾರಣವಾದದ್ದೇ ಬಾಳಿಗೂ ಕಾರಣವಾಗಬೇಕೆಂಬ ನಿಯಮವೆಲ್ಲಿದೆ? ಜೊತೆ ತಂತಿಗಳು ಒಟ್ಟಿಗೆ ಮಿಡಿದಾಗ ಹುಟ್ಟುವ ತುಂಬು ನಾದ, ಒಂಟಿ ತಂತಿಯನ್ನು ಮೈಕಿನ ಮುಂದೆ ಹಿಡಿದರೆ ಹುಟ್ಟುವುದಿಲ್ಲ. ಮೈಕು ನಾದವನ್ನು ದೊಡ್ಡದು ಮಾಡುತ್ತದೆ, ಬೇರೆ ಮಾಡುವುದಿಲ್ಲ. ಜೊತೆ ತಂತಿಯನ್ನು ಒಂದೇ ಬೆರಳಿನಿಂದ ಒತ್ತಿ ಎರಡರ ಶ್ರುತಿಯನ್ನೂ ಕಾಯುವುದು ಕಷ್ಟ, ನಿಜ. ಕಷ್ಟವೆಂಬುದು ಕಲಿಸಬೇಕೆಂಬುದಕ್ಕೆ ಕಾರಣ, ಬಿಡಬೇಕೆಂಬುದಕ್ಕಲ್ಲ. ಹಳೆಯ ಕಮಾನನ್ನು ಅಟ್ಟದಿಂದ ಇಳಿಸಿದ ಮೇಲೆಯೇ ಯೂರೋಪಿನವರಿಗೆ ತಮ್ಮ ಬಾಖನ ೧೭೨೦ರ ಪಿಟೀಲು ಕೃತಿಗಳು ಬೇರೆ ರೀತಿ ಕೇಳಿಸಿದವು. ಚೌಡಯ್ಯನವರ ವಾದ್ಯವನ್ನು ಇಳಿಸದೆ ಅವರ ಸಂಗೀತವನ್ನು ಬಲ್ಲೆವೆಂದು ನಾವು ಹೇಗೆ ಹೇಳೋಣ?

ತಪ್ಪು ಯಾರದು? ವಾದಕರದೆನ್ನಲಾರೆ. ನಮ್ಮಲ್ಲಿ ಪಿಟೀಲುಗಾರನೆಂದರೆ ಇಂದಿಗೂ ಬಹುಮಟ್ಟಿಗೆ ಪಕ್ಕದವನು. ಕೂರುವ ಜಾಗದಲ್ಲಿ ಪಕ್ಕ, ಕರಪತ್ರದ ಅಕ್ಷರದಲ್ಲಿ ಪಕ್ಕ, ಸಂಭಾವನೆಯಲ್ಲಿಯೂ ಪಕ್ಕ. ಅವನಿಗೆ ಅನ್ನ ಹಾಕಿದ ಮನೆಗಳು ಮೂರು. ಒಂದು ಅರಮನೆ, ಅದರ ಕಾಲ ಮುಗಿಯಿತು. ಎರಡು ಆಕಾಶವಾಣಿ, ನಿಲಯದ ಕಲಾವಿದನೆಂದು ಸಂಬಳ ಕೊಟ್ಟು ಸಾಕಿದ ಆ ಹುದ್ದೆಗಳು ಇಂದು ಅಪರೂಪ. ಮೂರನೆಯದು ಗುರುವಿನ ಮನೆ. ಹದಿನೆಂಟು ವರ್ಷ ಶಿಷ್ಯನ ಕೈ ಹಿಡಿದು ನಡೆಸುವ ಗುರುಮನೆಯನ್ನು ಈ ಕಾಲದ ಬಾಡಿಗೆ ಮನೆಯಲ್ಲಿ ನಿರೀಕ್ಷಿಸುವುದು ಅನ್ಯಾಯ. ಈ ಮೂರೂ ಬಾಗಿಲು ಮುಚ್ಚುತ್ತ ಬಂದಾಗ ನಾಲ್ಕನೆಯದನ್ನು ತೆರೆಯಬೇಕಾದವರು ನಾವು, ನಮ್ಮ ಸರ್ಕಾರ. ತೆರೆದದ್ದು ಭವನದ ಬಾಗಿಲನ್ನು.

ಹಣವಿಲ್ಲವೆಂಬ ಮಾತನ್ನು ಮೈಸೂರಿನವರು ಆಡಬಾರದು. ಜಯಚಾಮರಾಜ ಒಡೆಯರು ೧೯೪೦ರ ದಶಕದ ಕೊನೆಯಲ್ಲಿ, ಲಂಡನ್ನಿನಲ್ಲಿ ಕೇಳುವವರಿಲ್ಲದೆ ವೃದ್ಧರಾಗುತ್ತಿದ್ದ ನಿಕೊಲಾಯ್ ಮೆಟ್ನರ್ ಎಂಬ ರಷ್ಯದ ವಾಗ್ಗೇಯಕಾರರ ಕೃತಿಗಳನ್ನು ತಮ್ಮ ಖರ್ಚಿನಲ್ಲಿ ಧ್ವನಿಮುದ್ರಿಸಿದರು. ರಿಚರ್ಡ್ ಸ್ಟ್ರಾಸರ ಕೊನೆಯ ನಾಲ್ಕು ಹಾಡುಗಳು ಲಂಡನ್ನಿನಲ್ಲಿ ೧೯೫೦ರ ಮೇ ೨೨ರಂದು ಮೊದಲ ಬಾರಿಗೆ ಹಾಡಲ್ಪಟ್ಟದ್ದರ ಹಿಂದೆಯೂ ಅವರ ಧನಸಹಾಯವಿತ್ತು. ಕಾಲದ ಅಭಿರುಚಿ ಕೈಬಿಟ್ಟ ಸಂಗೀತವನ್ನು ಹಣ ಕೊಟ್ಟು ಉಳಿಸಬಹುದೆಂಬ ಪಾಠವನ್ನು ಯೂರೋಪಿಗೂ ಹೇಳಿಕೊಟ್ಟ ಊರು ಮೈಸೂರು. ತನ್ನ ಮನೆಯ ಏಳು ತಂತಿಗೆ ಮಾತ್ರ ಆ ಪಾಠ ಅನ್ವಯಿಸಲಿಲ್ಲ.

ಇದುವರೆಗೆ ಬೆಂಗಳೂರು, ಮೈಸೂರುಗಳ ಮಾತಾಯಿತು. ಆದರೆ ಚೌಡಯ್ಯ ಹುಟ್ಟಿದ್ದು ಬೆಂಗಳೂರಿನಲ್ಲೂ ಅಲ್ಲ, ಮೈಸೂರಿನಲ್ಲೂ ಅಲ್ಲ, ಹಳ್ಳಿಯಿಂದ ಬಂದವರು. ಇಂದಿನ ಹಳ್ಳಿಯ ಹುಡುಗನಿಗೆ ಆ ದಾರಿ ಎಲ್ಲಿದೆ? ನಾನು ಬಲ್ಲ ಸೀಮೆಯಿಂದಲೇ ಉತ್ತರ ಹೇಳುತ್ತೇನೆ. ತುಮಕೂರು ಜಿಲ್ಲೆಯ ಉತ್ತರದ ನಾಲ್ಕು ತಾಲೂಕುಗಳು, ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎನಿಸಿಕೊಂಡಿವೆ. ಕಂದಾಯಕ್ಕೆ ನಾವು ತುಮಕೂರಿನವರು, ವಿದ್ಯೆಗೆ ಮಾತ್ರ ಪ್ರತ್ಯೇಕ ಜಿಲ್ಲೆ! ಈ ಗೌರವದ ಅರ್ಥವೇನೆಂದು ವಿಚಾರಿಸಿದರೆ, ವರ್ಷಕ್ಕೊಮ್ಮೆ ಎಸ್.ಎಸ್.ಎಲ್.ಸಿ. ಫಲಿತಾಂಶದ ಪಟ್ಟಿಯಲ್ಲಿ ನಮ್ಮ ಹೆಸರು ಎಷ್ಟನೆಯದು ಎಂಬ ಲೆಕ್ಕವೇ ಅರ್ಥ. ಅಧಿಕಾರಿಗೂ ಅದೇ ಚಿಂತೆ, ಮೇಷ್ಟರಿಗೂ ಅದೇ ಚಿಂತೆ, ತಾಯಿತಂದೆಗೂ ಅದೇ ಚಿಂತೆ. ನಮ್ಮ ಸರ್ಕಾರಿ ಪ್ರೌಢಶಾಲೆಗಳಲ್ಲಿ ಸಂಗೀತದ ಮೇಷ್ಟರೆಂದರೆ ಅಪರೂಪದ ಪ್ರಾಣಿ. ಪಿಟೀಲಿನ ಮೇಷ್ಟರೆಂದರೆ ಕತೆಯಲ್ಲಿನ ಪ್ರಾಣಿ. ಮಡಕಶಿರೆಯ ಗಡಿಯ ಹಳ್ಳಿಯೊಂದರ ಹುಡುಗಿಯ ಕೈಯಲ್ಲಿ ನಾಳಿನ ದೊಡ್ಡ ಪಿಟೀಲುವಾದಕಿ ಅಡಗಿದ್ದರೆ, ಅದು ಅವಳಿಗೂ ತಿಳಿಯುವುದಿಲ್ಲ, ನಮಗೂ ತಿಳಿಯುವುದಿಲ್ಲ.

"ಇಂಥ ಬರದ ಸೀಮೆಗೆ ಪಿಟೀಲೇ? ಮೊದಲು ನೀರು ಕೊಡಿ" ಎನ್ನುವವರಿಗೆ ಎರಡು ಮಾತು. ಮೊದಲನೆಯದು ವೆನಿಸ್ ನಗರದ ಪಿಯೆತಾ ಎಂಬ ಅನಾಥಾಲಯದ್ದು. ಹೆತ್ತವರು ಬಿಟ್ಟುಹೋದ ಹೆಣ್ಣುಮಕ್ಕಳನ್ನು ಸಾಕುತ್ತಿದ್ದ ಆ ಸಂಸ್ಥೆ ೧೭೦೩ರಲ್ಲಿ ಒಬ್ಬ ತರುಣ ಪಾದ್ರಿಯನ್ನು ಪಿಟೀಲಿನ ಮೇಷ್ಟರನ್ನಾಗಿ ನೇಮಿಸಿಕೊಂಡಿತು. ೧೭೦೯ರಲ್ಲಿ ಆಡಳಿತ ಮಂಡಲಿ ಅವನನ್ನು ಮುಂದುವರಿಸಲಿಲ್ಲ, ೧೭೧೧ರಲ್ಲಿ ಮತ್ತೆ ಕರೆಯಿತು. ನಮ್ಮ ಆಡಳಿತ ಮಂಡಲಿಗಳನ್ನು ಬಲ್ಲವರಿಗೆ ಇದು ಹೊಸ ಸಂಗತಿಯಲ್ಲ. ಆ ಮೇಷ್ಟರ ಹೆಸರು ಆಂಟೋನಿಯೊ ವಿವಾಲ್ಡಿ. ದೂರದೂರದ ಪ್ರಯಾಣಿಕರು ಆ ಅನಾಥ ಹುಡುಗಿಯರ ವಾದನ ಕೇಳಲೆಂದೇ ವೆನಿಸಿಗೆ ಬರುತ್ತಿದ್ದರು. ಬರೋಕ್ ಪಿಟೀಲಿನ ಅತಿ ಪ್ರಸಿದ್ಧ ವಾಗ್ಗೇಯಕಾರ ಒಬ್ಬ ಶಾಲಾ ಮೇಷ್ಟರು, ಅವನ ಮೇಳ ದಿಕ್ಕಿಲ್ಲದ ಮಕ್ಕಳ ಮೇಳ ಎಂಬುದನ್ನು ನಮ್ಮ ಶಿಕ್ಷಣ ಇಲಾಖೆ ಗೋಡೆಯ ಮೇಲೆ ಬರೆಸಿಕೊಳ್ಳಬೇಕು. ವಿವಾಲ್ಡಿ ೧೭೪೧ರಲ್ಲಿ ಬಡತನದಲ್ಲಿ ಸತ್ತ, ಮರೆತುಹೋದ. ೧೯೨೬ರಲ್ಲಿ ಇಟಲಿಯ ಪಾದ್ರಿಗಳ ಶಾಲೆಯೊಂದರಲ್ಲಿ ಅವನ ಹಸ್ತಪ್ರತಿಗಳ ರಾಶಿ ಸಿಕ್ಕಿದ್ದರಿಂದ ಮತ್ತೆ ಬದುಕಿದ. ಕಾಗದ ಉಳಿದಿತ್ತು, ಆದ್ದರಿಂದ ಬದುಕಿದ. ನಮ್ಮ ಏಳು ತಂತಿಯ ಬೆರಳುಗಾರಿಕೆ ಕೈಯೊಂದಿಗೇ ಸುಡುಗಾಡು ಸೇರುವಂಥದು.

ಎರಡನೆಯ ಮಾತು ನಮ್ಮ ಪಾವಗಡದ್ದೇ. ಬಿಸಿಲನ್ನೇ ಬೆಳೆಯೆಂದು ನಂಬಿ, ತಿರುಮಣಿಯ ಸುತ್ತ ಸುಮಾರು ೧೩,೦೦೦ ಎಕರೆಯಲ್ಲಿ ೨,೦೫೦ ಮೆಗಾವಾಟಿನ ಸೌರ ವಿದ್ಯುತ್ ಉದ್ಯಾನವನ್ನು ಸರ್ಕಾರ ೨೦೧೯ರ ಹೊತ್ತಿಗೆ ಪೂರ್ತಿ ಮಾಡಿತು. ರೈತರಿಂದ ಭೂಮಿಯನ್ನು ಕೊಳ್ಳದೆ ವರ್ಷದ ಗೇಣಿಗೆ ಪಡೆಯುವ ಹೊಸ ಏರ್ಪಾಟನ್ನೂ ಹುಡುಕಿತು. ನಾನು ಅದನ್ನು ಹಳಿಯುತ್ತಿಲ್ಲ. ಬೇಕೆಂದಾಗ ಬಿಸಿಲಿಗೂ ಬಾಡಿಗೆ ಕಟ್ಟಿಕೊಡುವ ಬುದ್ಧಿ ಸರ್ಕಾರಕ್ಕೆ ಉಂಟು ಎಂದಷ್ಟೇ ತೋರಿಸುತ್ತಿದ್ದೇನೆ. ನಾಲ್ಕು ತಾಲೂಕಿಗೆ ನಾಲ್ಕು ಮೇಷ್ಟರಿಗೆ ಸಂಬಳ ಕೊಡುವ ಉಪಾಯ ಅದಕ್ಕೆ ಹೊಳೆಯುವುದಿಲ್ಲವೆಂದರೆ ನಾನು ನಂಬುವುದಿಲ್ಲ.

ನಾದದ ಸಂಸ್ಕಾರ ಈ ಬಯಲಿಗೆ ಹೊಸದೆಂದೂ ಯಾರೂ ಭಾವಿಸಬೇಕಾಗಿಲ್ಲ. ಶಿರಾ, ಪಾವಗಡದ ಕಾಡುಗೊಲ್ಲರು ಆಳೆತ್ತರಕ್ಕೆ ಸಮೀಪದ ಬಿದಿರಿನ ಗಣೆಯನ್ನು ಊದಿ ಜುಂಜಪ್ಪನ ಕಾವ್ಯವನ್ನು ರಾತ್ರಿಯಿಡೀ ಹಾಡಿದವರು. ಪಕ್ಕದ ಗುಬ್ಬಿಯಲ್ಲಿ ೧೮೮೪ರಲ್ಲಿ ಹುಟ್ಟಿದ ನಾಟಕ ಕಂಪನಿ ವೀರಣ್ಣನವರ ಕೈಯಲ್ಲಿ ನೂರಾರು ಸಂಸಾರಗಳಿಗೆ ಅನ್ನವಾಯಿತು. ಗಣೆಯ ಹಾಡನ್ನು ವಿದ್ವಾಂಸರು ಸಂಗ್ರಹಿಸಿ ಅಚ್ಚು ಹಾಕಿಸಿದ್ದಾರೆ, ಅದು ಸಾರ್ಥಕ ಕೆಲಸ. ಆದರೆ ಅಚ್ಚಾದದ್ದು ಮಾತು. ಗಣೆಯನ್ನು ಊದುವ ಉಸಿರು ಪುಸ್ತಕದ ಪುಟದಲ್ಲಿ ನಿಲ್ಲದು. ಏಳು ತಂತಿಯ ಸಂಕಟ, ಗಣೆಯ ಸಂಕಟ ಒಂದೇ ಸಂಕಟ. ಒಂದಕ್ಕೆ ಶಾಸ್ತ್ರೀಯವೆಂಬ ಹಣೆಪಟ್ಟಿ, ಇನ್ನೊಂದಕ್ಕೆ ಜಾನಪದವೆಂಬ ಹಣೆಪಟ್ಟಿ. ಎರಡನ್ನೂ ಒಂದೇ ಮ್ಯೂಸಿಯಮ್ಮಿಗೆ ಕಳಿಸುವ ಸನ್ನಾಹ.

ದೂರುವುದು ಸುಲಭ, ಏನು ಮಾಡಬೇಕೆಂದು ಹೇಳು ಎಂದರೆ ನನ್ನ ಬೇಡಿಕೆ ಮೂರು. ಮೊದಲನೆಯದು, ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಒಂದೊಂದು ತಾಲೂಕು ಕೇಂದ್ರದಲ್ಲಿಯೂ ಒಬ್ಬ ತಂತಿವಾದ್ಯದ ಮೇಷ್ಟರನ್ನು ಕಾಯಂ ಸಂಬಳದ ಮೇಲೆ ನೇಮಿಸಬೇಕು. ಶಾಲೆಯ ಗಂಟೆ ಬಾರಿಸಿದ ಮೇಲೆ ಯಾವ ಶಾಲೆಯ ಮಗುವಾದರೂ ಅವರ ಬಳಿ ಕಲಿಯುವಂತಿರಬೇಕು, ವಾದ್ಯವನ್ನು ಮನೆಗೆ ಎರವಲು ಕೊಡಬೇಕು. ಎರಡನೆಯದು, ಗಂಗೂಬಾಯಿ ಹಾನಗಲ್ಲರ ಹೆಸರಿನಲ್ಲಿ ಮೈಸೂರಿನಲ್ಲಿ ಸಂಗೀತಕ್ಕೆಂದೇ ಒಂದು ವಿಶ್ವವಿದ್ಯಾನಿಲಯವಿದೆ. ಅಲ್ಲಿ ಏಳು ತಂತಿಯ ಪಿಟೀಲಿಗೆ ಪ್ರತ್ಯೇಕ ಪಾಠಕ್ರಮವಿರಲಿ. ಬಲ್ಲವರು ಉಳಿದಿರುವಾಗಲೇ ಅವರ ಬೆರಳು, ಕಮಾನು, ಶ್ರುತಿ ಕೂಡಿಸುವ ಬಗೆ ಎಲ್ಲವನ್ನೂ ಚಿತ್ರೀಕರಿಸಿ, ಕನ್ನಡದಲ್ಲಿ ಬರೆದು, ಅಚ್ಚು ಹಾಕಲಿ. ಇದನ್ನೇ ಹಿಡಿದು ಐದು ವರ್ಷ ಸಾಧನೆ ಮಾಡುವವರಿಗೆ ಹೊಟ್ಟೆ ತುಂಬುವಷ್ಟು ವೇತನ ಕೊಡಲಿ. ಮೂರನೆಯದು ಸರ್ಕಾರಕ್ಕಲ್ಲ, ನಗರದ ರಸಿಕರಿಗೆ. ನಿಮ್ಮ ರಾಮೋತ್ಸವದ ಹತ್ತು ಕಛೇರಿಗಳಲ್ಲಿ ಒಂದನ್ನು ಪಿಟೀಲಿಗೇ ಮೀಸಲಿಡಿ, ಪಕ್ಕಕ್ಕೆ ಕೂರಿಸುವ ಪಿಟೀಲಿಗಲ್ಲ, ನಡುವೆ ಕೂರಿಸುವ ಪಿಟೀಲಿಗೆ. ಸಂಭಾವನೆಯನ್ನೂ ನಡುವಿನವನ ಅಳತೆಯಲ್ಲಿ ಕೊಡಿ.

ಇಷ್ಟು ಮಾಡಿದರೆ ನಾಳೆಯೇ ನಾಲ್ಕು ತಾಲೂಕಿನಲ್ಲಿ ನಾಲ್ವರು ಚೌಡಯ್ಯಂದಿರು ಏಳುವರೆಂದು ನಾನು ಆಶ್ವಾಸನೆ ಕೊಡಲಾರೆ. ನೂರು ಮಕ್ಕಳು ಕಲಿತರೆ ತೊಂಬತ್ತೈದು ಮಂದಿ ಒಳ್ಳೆಯ ಕೇಳುಗರಾಗಿ ನಿಲ್ಲಬಹುದು. ಅದೇನು ಸಣ್ಣ ಫಲವಲ್ಲ. ಕೇಳುಗರಿಲ್ಲದೆ ವಾದಕ ಬದುಕಿದ್ದು ಯಾವ ದೇಶದಲ್ಲಿಯೂ ಇಲ್ಲ. ಉಳಿದ ಐವರಲ್ಲಿ ಒಬ್ಬಳು ಮೈಸೂರಿಗೆ ಹೋಗಿ ಏಳು ತಂತಿಯನ್ನು ಹಿಡಿಯಬಹುದು. ಇನ್ನೊಬ್ಬ ಬಾಸೆಲ್ಲಿಗೆ ಹೋಗಿ ಕರುಳಿನ ತಂತಿಯ ಮೇಲೆ ಕೊರೆಲ್ಲಿಯನ್ನೇ ನುಡಿಸಬಹುದು. ಹೋಗಲಿ, ಅವನಿಗೂ ನನ್ನ ಆಶೀರ್ವಾದವಿದೆ. ಪಿಟೀಲು ಈ ನಾಡಿಗೆ ಹಡಗಿನಲ್ಲಿ ಬಂದದ್ದು, ಮರಳಿ ಹೋದರೆ ಋಣ ತೀರಿದಂತೆ.

ಚೌಡಯ್ಯ ಸ್ಮಾರಕ ಭವನಕ್ಕೆ ಸುಣ್ಣ ಬಳಿಯುವುದಕ್ಕೆ, ದೀಪ ಹಾಕುವುದಕ್ಕೆ, ಕಾವಲಿಗೆ ಹಣ ಒದಗುತ್ತಿದೆ, ಒದಗುತ್ತಲೇ ಇರಲಿ. ಆದರೆ ಆ ಏಳು ತಂತಿಗಳನ್ನು ತೋರಿಸಿ "ಇದು ಯಾವ ವಾದ್ಯ, ಹೇಗೆ ನುಡಿಯುತ್ತದೆ?" ಎಂದು ಮಧುಗಿರಿಯಿಂದ ಪ್ರವಾಸಕ್ಕೆ ಬಂದ ಶಾಲೆಯ ಮಗುವೊಂದು ಕೇಳಿದರೆ, ಉತ್ತರವನ್ನು ಬಾಯಲ್ಲಿ 
ಹೇಳುವವರು ಸಾಲದು. ಕಮಾನು ಎತ್ತಿ ಹೇಳುವವರು ಬೇಕು.